ಸುದ್ದಿಯ ಉಳಿದರ್ಧ

ವರ್ಗಾವಣೆಯ ನೌಕರಿಯವರ ಮನೆಯಲ್ಲಿ ಬಿಚ್ಚದ ಡಬ್ಬ ಒಂದಾದರೂ ಇದ್ದೇ ಇರುತ್ತದೆ. ನನ್ನದು ಗಾಜಿನ ಲೋಟಗಳದ್ದು. ಬ್ಯಾಂಕಿನವರು ನನ್ನನ್ನು ಗಾಜುವಾಕದಿಂದ ವಿಜಯವಾಡಕ್ಕೆ ಎತ್ತಿಹಾಕಿದಾಗ ಕಟ್ಟಿದ್ದು, ಅಂದಿನಿಂದ ಅಟ್ಟದ ಮೇಲೆಯೇ ಕೂತಿತ್ತು. ಮೈಸೂರಿನಿಂದ ಅಮ್ಮ ಬರುತ್ತಾಳೆಂದು ಮೊನ್ನೆ ಭಾನುವಾರ ಇಳಿಸಿದೆ. ಹಳೇ ಪೇಪರಿನ ಮುಗ್ಗಲು ವಾಸನೆ, ಅದರ ಜೊತೆಗೆ ನುಸಿಗುಳಿಗೆಯ ಘಾಟು... ಒಂದು ಲೋಟಕ್ಕೆ ಸುತ್ತಿದ್ದ ಹಾಳೆ ಬಿಡಿಸುತ್ತಿದ್ದಂತೆ ದೊಡ್ಡಕ್ಷರದ ತಲೆಬರಹ ಕಂಡಿತು. ನನ್ನ ತೆಲುಗು ಓದು ಇವತ್ತಿಗೂ ಎತ್ತಿನಗಾಡಿಯೇ. ಆದರೆ ಆ ಸಾಲನ್ನು ನಾನು ಓದಬೇಕಾಗಲಿಲ್ಲ, ಅದು ಒಬ್ಬರ ದನಿಯಲ್ಲಿ ಕೇಳಿಸಿಬಿಟ್ಟಿತು.

ಗಾಜುವಾಕದ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ವಿಲೇಕರಿಗಾರು ಎನ್ನುತ್ತಿದ್ದರು. ವಿಲೇಕರಿ ಎಂದರೆ ತೆಲುಗಿನಲ್ಲಿ ವರದಿಗಾರ. ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಮೂಲ ಬಳ್ಳಾರಿ. ಹರೆಯದಲ್ಲಿ ಬಂದವರು ಅಲ್ಲೇ ಉಳಿದು, ತೆಲುಗಿನಲ್ಲಿ ಬರೆದು, ಕನ್ನಡವನ್ನು ಹಬ್ಬದ ಸೀರೆಯ ಹಾಗೆ ಮಡಿಸಿಟ್ಟಿದ್ದರು. ನಾನು ಕನ್ನಡದವಳೆಂದು ಗೊತ್ತಾದ ದಿನದಿಂದ ಅದನ್ನು ಹೊರತೆಗೆದರು. ನಿಮ್ಮ ಮೈಸೂರು ಕನ್ನಡ ಕೇಳಿದರೆ ನಿದ್ದೆ ಬರುತ್ತದೆ ಎಂದು ನನ್ನನ್ನು ಕಾಡುವುದು, ನಿಮ್ಮ ಕನ್ನಡ ಕೇಳಿದರೆ ಯಾರೋ ಜಗಳಕ್ಕೆ ಬಂದಂತಾಗುತ್ತದೆ ಎಂದು ನಾನು ತಿರುಗಿ ಅನ್ನುವುದು. ಆ ಊರಿನಲ್ಲಿ ನನಗೆ ತವರಿನ ಕಡೆಯವರು ಅಂತ ಇದ್ದದ್ದು ಅವರೊಬ್ಬರೇ.

ಬೀದಿಯ ಮೂಲೆಯಲ್ಲಿ ಒಂದು ಟೀ ಅಂಗಡಿ. ಗಂಡ ತೀರಿಕೊಂಡ ಮೇಲೆ ಅಂಗಡಿಯ ಅಮ್ಮ ಒಬ್ಬರೇ ನಡೆಸುತ್ತಿದ್ದರು. ಅಲ್ಲೊಂದು ಪದ್ಧತಿ. ವಿಲೇಕರಿಗಾರು ನಿಂತುಕೊಂಡು ಪೇಪರಿನ ಮುಖ್ಯ ಸುದ್ದಿಗಳನ್ನು ಗಟ್ಟಿಯಾಗಿ ಓದಬೇಕು. ಶಿಫ್ಟಿಗೆ ಹೋಗುವವರು, ಆಟೋದವರು ಸುತ್ತ ನಿಂತು ಕೇಳಬೇಕು. ಆಮೇಲೆಯೇ ಮೊದಲ ಲೋಟ ತುಂಬುವುದು, ಅದೂ ಅವರದ್ದು. ತಾವು ಬರೆದ ವರದಿ ಹೇಗೆ ಅಚ್ಚಾಗಿದೆ ಎಂದೂ ಅವರು ಮುಂಚೆ ನೋಡುತ್ತಿರಲಿಲ್ಲ. ಸಂಜೆ ಕಳಿಸಿದರೆ ಮುಗಿಯಿತು. ಕತ್ತರಿಸುವುದು, ತಲೆಬರಹ ಕೊಡುವುದು, ಯಾವ ಊರಿನ ಪುಟಕ್ಕೆ ಏನು ಎಂದು ಹಂಚುವುದು, ಎಲ್ಲ ವಿಜಯವಾಡದ ಕಚೇರಿಯಲ್ಲಿ. ಬೆಳಿಗ್ಗೆ ಎಲ್ಲರ ಎದುರಿಗೇ ಬಿಚ್ಚಿ ಓದುವುದು ಅವರ ಖುಷಿ.

ಆ ವರ್ಷ ಎಲ್ಲಿ ನೋಡಿದರೂ ಒಂದೇ ಮಾತು. ಮುಂದಿನ ವರ್ಷ ಎಷ್ಟು ಕೆಲಸ ಹೋಗುತ್ತದೆ, ಎಷ್ಟು ಬರುತ್ತದೆ. ಟಿವಿಯಲ್ಲಿ ಪಂಡಿತರು ಕತ್ತಿನ ನರ ಉಬ್ಬಿಸಿಕೊಂಡು ಕೂಗಾಡುತ್ತಿದ್ದರು. ಒಬ್ಬರ ಭವಿಷ್ಯ ಇನ್ನೊಬ್ಬರಿಗೆ ಸುಳ್ಳು. ನಮ್ಮ ಬೀದಿಯಲ್ಲಿ ಕಾಂಟ್ರಾಕ್ಟ್ ಕೆಲಸದವರಿಲ್ಲದ ಮನೆಯೇ ಇರಲಿಲ್ಲ. ಅಂಗಡಿಯ ಅಮ್ಮನ ಮಗನೂ ಅಂಥವನೇ. ಅವನಿಗೆ ಅನಕಾಪಲ್ಲಿಯ ಹುಡುಗಿ ಗೊತ್ತಾಗಿ, ನಿಶ್ಚಿತಾರ್ಥಕ್ಕೆ ದಿನ ನೋಡುತ್ತಿದ್ದರು. ವಿಲೇಕರಿಗಾರು ವಾರವೆಲ್ಲ ಕಾರ್ಖಾನೆಗಳ ಗೇಟು, ಬಂದರಿನ ಕಡೆ ಎಂದು ಅಲೆದು ಒಂದು ವರದಿ ಬರೆದರು. ಕಾರ್ಖಾನೆಗಳಿಗೆ ಆರ್ಡರ್ ಬರದಿದ್ದರೆ ಕಾಂಟ್ರಾಕ್ಟಿನವರಿಗೆ ಕಷ್ಟ, ಆದರೆ ಬಂದರಿನ ಹತ್ತಿರ ಹೊಸ ಶೆಡ್ಡುಗಳೆದ್ದರೆ ಅಲ್ಲಿ ಜನ ಬೇಕಾಗುತ್ತಾರೆ, ಯಾವುದು ಮೊದಲು ಆಗುತ್ತದೋ ಯಾರೂ ಹೇಳಲಾರರು. ಇಷ್ಟೇ ಅದರ ಸಾರ. ಎರಡೂ ಕಡೆ ಹಾಕೀನ್ರಿ ಮೇಡಂ ಎಂದು ಮೆಟ್ಟಿಲ ಮೇಲೆ ಸಿಕ್ಕಾಗ ಹಿಗ್ಗಿನಿಂದ ಹೇಳಿದ್ದರು.

ಮರುದಿನ ಬೆಳಿಗ್ಗೆ ನಾನೂ ಅಲ್ಲಿದ್ದೆ. ಪೇಪರ್ ಬಿಡಿಸಿದರು, ಗಂಟಲು ಸರಿಮಾಡಿಕೊಂಡರು, ತುಂಬು ದನಿಯಲ್ಲಿ ಓದಿದರು. ಕಾಂಟ್ರಾಕ್ಟ್ ಕಾರ್ಮಿಕರಿಗೆ ಮುಂದಿನ ವರ್ಷ ಕೆಲಸವಿಲ್ಲ. ಅದರ ಕೆಳಗೆ ಅವರದೇ ಹೆಸರು. ಓದುತ್ತಾ ಓದುತ್ತಾ ದನಿ ಸಣ್ಣಗಾಯಿತು. ಬಂದರಿನ ಮಾತು ಎಲ್ಲೂ ಇರಲಿಲ್ಲ. ಪುಟ ತಿರುಗಿಸಿದರು, ಒಳಗೆ ಹುಡುಕಿದರು, ಮತ್ತೆ ಮೊದಲ ಪುಟಕ್ಕೆ ಬಂದರು. ಸ್ಟವ್ ಮೇಲೆ ಹಾಲು ಉಕ್ಕಿ ಚೆಲ್ಲಿದರೂ ಅಂಗಡಿಯ ಅಮ್ಮ ಅತ್ತ ನೋಡಲಿಲ್ಲ.

ಮಾತು ಮನೆ ಕೆಡಿಸಿತು ಅನ್ನುತ್ತಾರಲ್ಲ, ಇಲ್ಲಿ ಮನೆಗೆ ಮುಂಚೆ ಮದುವೆಯನ್ನೇ ಕೆಡಿಸಿತು. ಆ ಸುದ್ದಿಯ ಫೋಟೋ ಯಾರ ಫೋನಿನಿಂದಲೋ ಅನಕಾಪಲ್ಲಿಗೆ ತಲುಪಿತು. ಸ್ವಲ್ಪ ದಿನ ನೋಡೋಣ ಎಂದು ಹುಡುಗಿಯ ಅಪ್ಪ ಹೇಳಿಕಳಿಸಿದರು. ಸ್ವಲ್ಪ ದಿನ ಎಂದರೆ ಏನೆಂದು ಹೆತ್ತವರಿಗೆ ಬೇರೆ ಬಿಡಿಸಿ ಹೇಳಬೇಕೆ? ಮಾರನೆಯ ದಿನ ವಿಲೇಕರಿಗಾರು ಹೋದಾಗ ಅವರ ಲೋಟ ಬೋರಲು ಬಿದ್ದಿತ್ತು. ಅಂಗಡಿಯ ಅಮ್ಮ ಬೈಯಲಿಲ್ಲ, ಮುಖ ಎತ್ತಲೂ ಇಲ್ಲ. ಪೇಪರಿನವರು ಯಾರದೋ ಕೈಗೊಂಬೆಗಳು ಎಂದು ಕೆಲವರು, ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಕೆಲವರು, ಅಂಗಡಿಯ ಮುಂದೆ ಕೈಕೈ ಮಿಲಾಯಿಸುವವರೆಗೂ ಹೋಯಿತು. ಇವರನ್ನು ಖಾಲಿ ಮಾಡಿಸಿ ಎಂದು ಮನೆ ಮಾಲೀಕರಿಗೆ ಯಾರೋ ಹೇಳಿಯೂ ಆಯಿತು.

ವಿಜಯವಾಡದ ಆವೃತ್ತಿಯಲ್ಲಿ ಏನು ಬಂದಿದೆ ಎಂದು ವಿಲೇಕರಿಗಾರು ಅಷ್ಟರಲ್ಲಿ ಫೋನಿನಲ್ಲಿ ನೋಡಿಯಾಗಿತ್ತು. ಅಂಗಡಿಯ ಅಮ್ಮನಿಗೆ ತೋರಿಸಲೂ ಹೋಗಿದ್ದರು. ಫೋನಿನಲ್ಲಿ ಏನು ಬೇಕಾದರೂ ಮಾಡುತ್ತಾರೆ ಎಂದು ಆಯಮ್ಮ ಬೆನ್ನು ತಿರುಗಿಸಿದರಂತೆ. ಅಲ್ಲ, ಮದುವೆ ಮುರಿಯುವುದಕ್ಕೆ ಸಾಕಾದ ಫೋನು ಕೂಡಿಸುವುದಕ್ಕೆ ಸಾಲದೇ ಎಂದು ನನಗೆ ಮೈಯುರಿದಿತ್ತು. ನಾನು ತರಬೇತಿಗೆಂದು ವಿಜಯವಾಡಕ್ಕೆ ಹೊರಟಿದ್ದೆ. ಅಲ್ಲಿಯ ಆ ದಿನದ ಪೇಪರ್ ಸಿಕ್ಕರೆ ತನ್ನಿ, ಕೈಯಲ್ಲಿ ಹಿಡಿಯೋ ಪೇಪರ್ ಬೇಕು ಎಂದು ವಿಲೇಕರಿಗಾರು ಕೇಳಿದರು.

ಅಲ್ಲಿನ ಬ್ಯಾಂಕಿನ ಅತಿಥಿಗೃಹದಲ್ಲಿ ಹಳೇ ಪತ್ರಿಕೆಗಳನ್ನು ರದ್ದಿಗೆಂದು ಜೋಡಿಸಿಟ್ಟಿದ್ದರು. ಹುಡುಕಿದೆ, ಸಿಕ್ಕಿತು. ಅದೇ ಪತ್ರಿಕೆ, ಅದೇ ದಿನ, ಅವರದೇ ಹೆಸರು. ತಲೆಬರಹ ಮಾತ್ರ ಬಂದರಿನ ಬಳಿ ಹೊಸ ಕೆಲಸಗಳ ಸುಗ್ಗಿ ಎಂದು. ಕಾಂಟ್ರಾಕ್ಟಿನವರ ಪಾಡು ಅಲ್ಲಿ ಒಂದಕ್ಷರವೂ ಇಲ್ಲ. ಒಂದು ರೊಟ್ಟಿಯನ್ನು ಮುರಿದು ಎರಡು ಊರಿಗೆ ಹಾಕಿದ್ದರು.

ಗಾಜುವಾಕಕ್ಕೆ ಹತ್ತಿರದ ದುವ್ವಾಡ ಸ್ಟೇಷನ್ನಿನಲ್ಲಿ ರೈಲಿಳಿದು ನೇರವಾಗಿ ಅವರ ಬಾಗಿಲಿಗೆ ಹೋದೆ. ಪೇಪರ್ ಕೊಟ್ಟೆ, ಕೊಟ್ಟ ಮೇಲೆ ಭಯವಾಯಿತು. ಇದನ್ನು ಅಂಗಡಿಯ ಅಮ್ಮನೊಬ್ಬರಿಗೇ ತೋರಿಸಿ, ಬೀದಿಯಲ್ಲಿ ಓದಬೇಡಿ, ಕೂತ ಕೊಂಬೆಯನ್ನೇ ಕಡಿದುಕೊಂಡ ಹಾಗಾಗುತ್ತದೆ ಎಂದು ಜಗಳವನ್ನೇ ಆಡಿದೆ. ಅವರು ಎರಡೂ ಪೇಪರುಗಳನ್ನು ಪಕ್ಕಪಕ್ಕ ಹರಡಿದರು.

"ಅರ್ಧ ಓದಿ ಮಂದಿನ್ನ ಹೆದರಿಸೀನ್ರಿ ಮೇಡಂ. ಬೀದ್ಯಾಗ ನಿಂತು ಓದಿದ್ದು. ಉಳಿದರ್ಧ ಮನ್ಯಾಗ ಕುಂತು ಓದಿದ್ರ ಹೆಂಗ?"

ಮರುದಿನ ಬೋರಲು ಬಿದ್ದ ಲೋಟದ ಪಕ್ಕ ನಿಂತು ಎರಡನ್ನೂ ಓದಿದರು. ಮೊದಲು ಗಾಜುವಾಕದ್ದು, ಆಮೇಲೆ ವಿಜಯವಾಡದ್ದು. ಜನ ಗುಂಪುಗಟ್ಟಿದ್ದರು, ಯಾರೋ ಫೋನೆತ್ತಿ ವಿಡಿಯೋ ಮಾಡುತ್ತಿದ್ದರು. ಓದು ಮುಗಿದ ಮೇಲೆ ಅಂಗಡಿಯ ಅಮ್ಮ ಮೊದಲ ಸಲ ಮುಖವೆತ್ತಿ, ಹಾಗಾದರೆ ಯಾವುದು ನಿಜ, ನನ್ನ ಮಗನಿಗೆ ಕೆಲಸ ಇರುತ್ತದೋ ಇಲ್ಲವೋ ಎಂದು ಕೇಳಿದರು.

ಅವರು ತೆಲುಗಿನಲ್ಲಿ ಹೇಳಿದ್ದರ ಅರ್ಥ ಇಷ್ಟು: "ನನಗೆ ಗೊತ್ತಿಲ್ಲಮ್ಮಾ. ಗೊತ್ತಿದೆ ಅನ್ನುವವರಿಗೂ ಗೊತ್ತಿಲ್ಲ. ನಾನು ಬರೆದದ್ದೂ ಅಷ್ಟೇ."

ಸುಳ್ಳಾದರೂ ಒಂದು ಧೈರ್ಯದ ಮಾತು ಹೇಳಬಾರದಿತ್ತೇ ಎಂದು ನಾನು ಒಳಗೊಳಗೇ ಹಲ್ಲು ಕಡಿದೆ. ಆಯಮ್ಮ ಅವರನ್ನೇ ನೋಡುತ್ತಾ ನಿಂತರು. ಆಮೇಲೆ ಸೆರಗಿನಲ್ಲಿ ಕೈಯೊರೆಸಿ, ಅನಕಾಪಲ್ಲಿಗೆ ಫೋನು ಹಚ್ಚಿ, ಅದನ್ನು ವಿಲೇಕರಿಗಾರರ ಬಾಯಿಯ ಹತ್ತಿರ ಹಿಡಿದರು. ಚದವಂಡಿ ಎಂದರು. ಓದಿ, ಎಂದು. ಅವರು ಹುಡುಗಿಯ ಅಪ್ಪನಿಗೆ ಎರಡನ್ನೂ ಮತ್ತೆ ಓದಿದರು, ಗೊತ್ತಿಲ್ಲ ಎನ್ನುವುದನ್ನೂ ಮತ್ತೆ ಹೇಳಿದರು. ಆ ಕಡೆಯಿಂದ ಅವರು, ಗೊತ್ತಿಲ್ಲ ಎಂದು ಹೇಳಿದವರು ನೀವೊಬ್ಬರೇ, ಒಳ್ಳೆಯ ದಿನ ನೋಡಿ ತಿಳಿಸುತ್ತೇವೆ ಎಂದರು. ಅಂಗಡಿಯ ಅಮ್ಮ ಲೋಟ ಎತ್ತಿ ತೊಳೆದು ಟೀ ತುಂಬಿದರು.

ವಿಡಿಯೋ ಮಾತ್ರ ಊರೂರು ಸುತ್ತಿತು. ಅದೇ ವಾರ ವಿಜಯವಾಡದ ಕಚೇರಿಯಿಂದ ಫೋನು, ಇನ್ನು ಮುಂದೆ ಸುದ್ದಿ ಕಳಿಸುವುದು ಬೇಡ ಎಂದು. ನನ್ನ ಪೇಪರನ್ನು ನೀಟಾಗಿ ಮಡಿಸಿ ವಾಪಸು ಕೊಟ್ಟು, ಮದುವೆಯ ಊಟಕ್ಕೂ ಕಾಯದೆ, ಬಳ್ಳಾರಿಯ ತಂಗಿಯ ಮನೆಗೆ ಹೊರಟರು. ರೈಲು ಹತ್ತಿಸಲು ನಾನೂ ಹೋಗಿದ್ದೆ. ಸ್ಟೇಷನ್ನಿನಲ್ಲಿ ಒಂದು ಪೇಪರ್ ಕೊಂಡು ಕಂಕುಳಲ್ಲಿ ಇಟ್ಟುಕೊಂಡರು, ಬಿಚ್ಚಲಿಲ್ಲ. ಒಂದೆರಡು ಸಲ ಫೋನಿನಲ್ಲಿ ಮಾತಾಡಿದೆವು. ಆಮೇಲೆ ಅದೂ ನಿಂತಿತು.

ಲೋಟಕ್ಕೆ ಸುತ್ತಿದ್ದದ್ದು ಅವರು ವಾಪಸು ಕೊಟ್ಟ ಆ ಪೇಪರೇ. ಭಾನುವಾರ ಆ ಹಾಳೆ ಹಿಡಿದುಕೊಂಡು ಅವರ ನಂಬರಿಗೆ ಹಚ್ಚಿದೆ. ಯಾರೋ ಬೇರೆಯವರು ಎತ್ತಿದರು. ಅಂಗಡಿಯ ಅಮ್ಮನಿಗೆ ಹಚ್ಚಿದೆ. ವಿಲೇಕರಿಗಾರು ಹೋದ ಬೇಸಿಗೆಯಲ್ಲೇ ತೀರಿಕೊಂಡರಂತೆ, ತಂಗಿ ತಿಳಿಸಿದರಂತೆ. ನಾನು ನೆಲದ ಮೇಲೆ ಲೋಟಗಳ ನಡುವೆ ಕೂತು ಅತ್ತೆ. ಇದೇ ಊರಿನಲ್ಲಿ ಆ ಪತ್ರಿಕೆಯ ಕಚೇರಿಯ ಬೋರ್ಡನ್ನು ದಿನಾ ದಾಟಿ ಕೆಲಸಕ್ಕೆ ಹೋಗುತ್ತೇನಲ್ಲ ಎಂದು ಸಿಟ್ಟೂ ಬಂತು. ಸಮಾಧಾನವಾದ ಮೇಲೆ ಮಗ ಹೇಗಿದ್ದಾನೆ ಎಂದು ಕೇಳಿದೆ. ಆಯಮ್ಮ ಹೇಳಿದರು:

"ಅಲ್ಲೇ ಇದ್ದಾನೆ ಮೇಡಂ, ಅದೇ ಕೆಲಸ. ನಮ್ಮ ಬೀದಿಯಲ್ಲಿ ಆ ವರ್ಷ ಯಾರ ಕೆಲಸವೂ ಹೋಗಲಿಲ್ಲ. ಹೋದದ್ದು ಅವರದ್ದೊಂದೇ."