ನಮ್ಮವರ ಅಂಗಡಿಯ ಲ್ಯಾಪ್‌ಟಾಪ್

ತುರ್ಭೆಯ ನಮ್ಮ ಆಫೀಸು ಮುಚ್ಚಿದಾಗ ನನ್ನ ಕೈಯಿಂದ ಮೊದಲು ಹೋದದ್ದು ಲ್ಯಾಪ್‌ಟಾಪು. ಅದು ಸರಕು ಸಾಗಣೆಯ ಕಂಪನಿ. ಮದುವೆಯಾಗಿ ಡೊಂಬಿವಲಿಗೆ ಬಂದ ಕೆಲವೇ ವರ್ಷಕ್ಕೆ ಅದರ ಲೆಕ್ಕಪತ್ರ ವಿಭಾಗಕ್ಕೆ ಸೇರಿದವಳು, ಅಲ್ಲಿಯೇ ತಲೆಗೂದಲು ನರೆಸಿಕೊಂಡೆ. ಮಾಲೀಕರ ಮಕ್ಕಳು ವ್ಯವಹಾರವನ್ನೆಲ್ಲ ಗುಜರಾತಿಗೆ ಒಯ್ಯುವುದೆಂದು ತೀರ್ಮಾನಿಸಿದರು. ಕೊನೆಯ ದಿನ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಯಂತ್ರ, ಚಾರ್ಜರು, ಬ್ಯಾಗು ಎಲ್ಲ ವಾಪಸು ತೆಗೆದುಕೊಂಡರು. ಬ್ಯಾಗಿನ ಜಿಪ್ಪು ಕೆಟ್ಟಿದ್ದರಿಂದ ನಾನೇ ನನ್ನ ದುಡ್ಡಿನಲ್ಲಿ ಹೊಸದು ಹಾಕಿಸಿದ್ದೆ. ಅದೂ ಹೋಯಿತು.

ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಸಾನಪಾಡಾದಲ್ಲಿ ಉಡುಪಿ ಕಡೆಯವರೊಬ್ಬರ ಹೋಟೆಲ್ಲಿದೆ. ಆಫೀಸಿಗೆ ಊಟ ಅಲ್ಲಿಂದಲೇ ಬರುತ್ತಿದ್ದುದರಿಂದ ಅವರ ಬಿಲ್ಲುಗಳ ಪರಿಚಯ ನನಗಿತ್ತು. ಆಫೀಸು ಮುಚ್ಚಿದ್ದು ತಿಳಿದು ಅವರೇ ಫೋನ್ ಮಾಡಿದರು. "ಅಮ್ಮ, ನೀವು ಮನೆಯಿಂದ್ಲೇ ನಮ್ಮ ಲೆಕ್ಕ ನೋಡ್ತೀರಾ? ಈಗ ಇರುವವ್ರು ತಿಂಗಳಾದ್ರೂ ಫೋನೇ ಎತ್ತುದಿಲ್ಲ." ಅವರ ಮಾತಿನಿಂದ ಇನ್ನೆರಡು ಹೋಟೆಲ್ಲಿನವರೂ ಒಪ್ಪಿದರು. ಕೆಲಸ ಸಿಕ್ಕಿತು, ಯಂತ್ರ ಇರಲಿಲ್ಲ.

ಲ್ಯಾಪ್‌ಟಾಪು ಕೊಳ್ಳುವುದನ್ನು ನಾನು ಪರೀಕ್ಷೆಗೆ ಓದುವವಳಂತೆ ಓದಿದೆ. ಯಾವ ಪ್ರೊಸೆಸರ್ ಯಾವ ತಲೆಮಾರಿನದು, ಹೆಸರು ಒಂದೇ ಇದ್ದರೂ ಹಳೆಯದಕ್ಕೂ ಹೊಸದಕ್ಕೂ ಎಷ್ಟು ಅಂತರ, ರ‍್ಯಾಮ್ ಮುಂದೆ ಹೆಚ್ಚಿಸಲು ಬರುತ್ತದೋ ಇಲ್ಲವೋ ಎಂದು ಒಂದೊಂದನ್ನೇ ತಿಳಿದುಕೊಂಡೆ. ಪರದೆ ಕನ್ನಡಿಯಂತೆ ಹೊಳೆಯಬಾರದು, ಏಕೆಂದರೆ ನಾನು ಕೂರುವುದು ಕಿಟಕಿಗೆ ಬೆನ್ನು ಹಾಕಿ. ಎಲ್ಲಕ್ಕಿಂತ ಮುಖ್ಯವಾಗಿ ಕೀಬೋರ್ಡಿನ ಬಲಗಡೆ ಅಂಕಿಗಳ ಪಟ್ಟಿ ಬೇರೆಯಾಗಿರಬೇಕು. ಲೆಕ್ಕ ಮಾಡುವವರ ಬಲಗೈ ಅಲ್ಲೇ ಬದುಕುವುದು. ತೆಳ್ಳಗೆ, ಚೆಂದಗೆ ಕಾಣುವ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಅದೇ ಇರುವುದಿಲ್ಲ.

ಮಗಳನ್ನು ಕರೆದುಕೊಂಡು ಠಾಣೆ ಊರಿನ ದೊಡ್ಡ ಅಂಗಡಿಗೆ ಹೋದೆ. ಅವಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅಂಗಡಿಯವನು ನನ್ನನ್ನು ದಾಟಿ ನೇರವಾಗಿ ಅವಳನ್ನೇ ಕೇಳಿದ, "ಕಾಲೇಜ್ ಕೆ ಲಿಯೇ?" ನನಗೆ ಬೇಕಾಗಿರುವುದು ಎಂದೆ. ಅವನು ಮುಗುಳ್ನಕ್ಕು ಮೂಲೆಯಲ್ಲಿದ್ದ ಅತಿ ಅಗ್ಗದ ಯಂತ್ರದ ಮುಂದೆ ನಿಲ್ಲಿಸಿದ. "ಯೇ ಲೀಜಿಯೇ ಆಂಟಿ. ರೆಸಿಪಿ, ಭಜನ್, ಸೀರಿಯಲ್, ಸಬ್ ಚಲೇಗಾ."

ಪಕ್ಕದ ಸಾಲಿನಲ್ಲಿದ್ದ ಇನ್ನೊಂದನ್ನು ತೋರಿಸಿ, ಅದರ ರ‍್ಯಾಮನ್ನು ಬೋರ್ಡಿಗೇ ಬೆಸೆದಿದ್ದಾರೋ, ಇಲ್ಲ ಖಾಲಿ ಜಾಗ ಇದೆಯೋ ಎಂದು ಕೇಳಿದೆ. ಅವನ ನಗು ನಿಂತಿತು. ಒಳಗೆ ಹೋಗಿ ಹಿರಿಯನೊಬ್ಬನನ್ನು ಕರೆತಂದ. ಆತ ನನ್ನ ಪ್ರಶ್ನೆಗಳಿಗೆ ಸರಿಯಾಗಿ ಉತ್ತರ ಕೊಟ್ಟ, ಕುರ್ಚಿ ಹಾಕಿಸಿದ, ಯಂತ್ರ ತೆರೆದು ತೋರಿಸಿದ. ನನಗೆ ಬೇಕಾದದ್ದು ಆ ಯಂತ್ರವೇ ಆಗಿತ್ತು. ಹೊರಗೆ ಬಂದ ಮೇಲೆ ಮಗಳು ನನ್ನ ತೋಳು ಹಿಡಿದು ಜೋರಾಗಿ ನಕ್ಕಳು. "ಮಮ್ಮಿ, ತೂನೇ ತೋ ಉಸ್ಕೀ ವಾಟ್ ಲಗಾ ದೀ!" ನಾನು ಅವನ ಬೆವರಿಳಿಸಿಬಿಟ್ಟೆನಂತೆ. ಅಷ್ಟು ಹೆಮ್ಮೆಯಿಂದ ಅವಳು ನನ್ನನ್ನು ನೋಡಿದ್ದು ನನಗೆ ನೆನಪಿರಲಿಲ್ಲ.

ಅಂದೇ ಕೊಂಡುಬಿಡಬಹುದಿತ್ತು. ಗಂಡನಿಗೆ ಒಂದು ಮಾತು ತಿಳಿಸೋಣವೆಂದು ಫೋನ್ ಮಾಡಿದೆ.

"ಅಣ್ಣನ ಅಂಗಡಿ ಇರಬೇಕಾದ್ರ ಮಂದಿ ಅಂಗಡಿಯಾಗ ಯಾಕ ತಗೋತಿ?" ಎಂದರು. "ನಾಳಿ ಗೊತ್ತಾದ್ರ ಅಂವಗ ಎಷ್ಟ ಕೆಟ್ಟ ಅನಸ್ತದ. ಮನಿಗೆ ಬಾ, ನಾ ಮಾತಾಡ್ತೇನಿ."

ಅಣ್ಣ ಎಂದರೆ ನನ್ನ ಗಂಡನ ದೊಡ್ಡಪ್ಪನ ಮಗ, ನನಗೆ ಭಾವ. ಕಲ್ಯಾಣದ ಸ್ಟೇಷನ್ನಿನ ಬಳಿ ಅವರದು ಕಂಪ್ಯೂಟರ್ ಅಂಗಡಿ. ವಿಜಯಪುರದಿಂದ ಬಂದ ನನ್ನ ಗಂಡನಿಗೆ ಮೊದಲ ಕೆಲಸ ಕೊಡಿಸಿದವರು, ಬಾಡಿಗೆ ಮನೆ ಹುಡುಕಿಕೊಟ್ಟವರು ಅವರೇ. ನಮ್ಮ ಮನೆಯಲ್ಲಿ ಅವರ ಮಾತಿಗೆ ಎದುರಿಲ್ಲ. ನಾನೂ ಅವರನ್ನು ಗೌರವಿಸಿದವಳೇ. ಫೋನಿನಲ್ಲಿ ಅವರಿಗೆ ಮಾದರಿಯ ಹೆಸರು ಸಂಖ್ಯೆ ಸಮೇತ ಹೇಳಿದೆ. "ಆತ ಬಿಡವಾ ತಂಗಿ, ಅದನ್ನಽ ತರಸ್ತೇನಿ. ನೀ ನಿಶ್ಚಿಂತಿ ಇರು," ಎಂದರು. ಆಫೀಸು ಮುಚ್ಚಿದಾಗ ನನ್ನ ಕೈಗೆ ಬಂದ ಹಣದಿಂದ ಅವರಿಗೆ ಪೂರ್ತಿ ಬೆಲೆ ಕಳಿಸಿದೆ.

ಒಂದು ಭಾನುವಾರ ಭಾವನವರು ತಾವೇ ಲ್ಯಾಪ್‌ಟಾಪು ಹಿಡಿದು ಪೇಡೆಯ ಪೊಟ್ಟಣದೊಂದಿಗೆ ಬಂದರು. ಡಬ್ಬಿಯ ಸೀಲು ಒಡೆದಿತ್ತು. ನಾನು ಅದನ್ನು ನೋಡುತ್ತಿರುವುದು ಕಂಡು, "ನಾನಽ ಎಲ್ಲಾ ಸಾಫ್ಟ್‌ವೇರ್ ಹಾಕಿ ತಂದೇನಿ, ನಿನಗ ತ್ರಾಸ ಬ್ಯಾಡಂತ," ಎಂದರು. ಗಂಡ ಅದಕ್ಕೆ ಕುಂಕುಮ ಹಚ್ಚಿ ದೇವರ ಮುಂದಿಟ್ಟರು. ಭಾವನವರು ಚಹಾ ಕುಡಿದು, ಮಗಳ ತಲೆ ಸವರಿ ಹೋದರು.

ಕೆಲಸ ಶುರುಮಾಡಿದ ಮೊದಲ ವಾರದಲ್ಲೇ ನನ್ನ ಬೆರಳುಗಳಿಗೆ ಗೊತ್ತಾಯಿತು. ಅಂಕಿಗಳ ಪಟ್ಟಿಯಲ್ಲಿ ಸೊನ್ನೆಯೂ ಎಂಟರ್ ಕೀಲಿಯೂ ಉಳಿದವುಗಳಿಗಿಂತ ನುಣುಪಾಗಿದ್ದವು. ಫ್ಯಾನು ಬೇಗನೆ ಕೂಗಲು ಹಿಡಿಯುತ್ತಿತ್ತು. ತೂಕಡಿಸುವವರಂತೆ ಬ್ಯಾಟರಿ ಕುಸಿಯುತ್ತಿತ್ತು. ಒಂದು ಮಧ್ಯಾಹ್ನ ಯಂತ್ರವನ್ನು ಬೋರಲು ಹಾಕಿದೆ. ಹೊಟ್ಟೆಯ ಮೇಲೆ ಬೆರಳಾಡಿಸಿದರೆ ಚೌಕಾಕಾರದಲ್ಲಿ ಅಂಟು. ಕಂಪನಿಗಳು ತಮ್ಮ ಸ್ವತ್ತೆಂದು ಗುರುತು ಹಚ್ಚುವ ಚೀಟಿಯ ಅಂಟು ಅದು. ತುರ್ಭೆಯ ಆಫೀಸಿನಲ್ಲಿ ಅಂಥ ಚೀಟಿಗಳನ್ನು ಅಂಟಿಸುವುದು ನನ್ನದೇ ಕೆಲಸವಾಗಿತ್ತು. ಕಿತ್ತರೆ ಎಷ್ಟು ಉಜ್ಜಿದರೂ ಒಂದು ಜಿಗುಟು ಉಳಿಯುತ್ತದೆ.

ಕೆಳಗಿದ್ದ ಸಂಖ್ಯೆಯನ್ನು ತಯಾರಕರ ವೆಬ್‌ಸೈಟಿನಲ್ಲಿ ಹಾಕಿದೆ. ಅದರ ವಾರಂಟಿ ಯಾವಾಗಲೋ ಮುಗಿದುಹೋಗಿತ್ತು. ನಾನು ಹೇಳಿದ ಹೆಸರಿನದೇ ಯಂತ್ರ, ಆದರೆ ಹಿಂದಿನ ತಲೆಮಾರಿನದು. ಡಬ್ಬಿಯ ಮೇಲಿನ ಸಂಖ್ಯೆ ಬೇರೆಯದೇ ಆಗಿತ್ತು.

ಸಂಜೆ ಗಂಡನಿಗೆ ಎಲ್ಲವನ್ನೂ ತೋರಿಸಿದೆ. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

"ವೆಬ್‌ಸೈಟ್ ತಪ್ಪಿರಬೇಕು. ಅಣ್ಣ ಹಂಗ ಮಾಡಾಂವಲ್ಲ."

"ಡಬ್ಬಿ ಮ್ಯಾಲಿನ ನಂಬರ್ರೂ ತಪ್ಪೇನ್ರಿ?"

"ಕೆಲಸ ಮಾಡ್ತದೋ ಇಲ್ಲೋ? ಮಾಡ್ತದಲ್ಲಾ. ಸುಮ್ನ ಅಲ್ಲಿ ತನಕಾ ಹೋಗಿ ಮಾತ ಬೆಳಸಬ್ಯಾಡ."

ಅಣ್ಣನ ಮೇಲಿನ ಮಮತೆಯೆಂದು ತಿಳಿದೆ. ಮರುದಿನ ಅವರು ಕೆಲಸಕ್ಕೆ ಹೋದ ಮೇಲೆ ಯಂತ್ರವನ್ನೂ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಕಲ್ಯಾಣಕ್ಕೆ ಹೊರಟೆ.

ಭಾವನವರು ಒಬ್ಬರೇ ಇದ್ದರು. ಗಿರಾಕಿಗಳಿರಲಿಲ್ಲ. ಗೋಡೆಗುಂಟ ಒಂದೇ ಬಗೆಯ ಹತ್ತಾರು ಲ್ಯಾಪ್‌ಟಾಪುಗಳನ್ನು ಇಟ್ಟಿಗೆಯಂತೆ ಪೇರಿಸಿದ್ದರು. ನಾನು ಕೇಳಬೇಕಾಗಿದ್ದ ಪ್ರಶ್ನೆಗೆ ಆ ಗೋಡೆಯೇ ಉತ್ತರವಾಗಿತ್ತು. ಆದರೂ ಕೇಳಿದೆ.

"ಭಾವಾ, ಇದು ಯಾವುದೋ ಆಫೀಸಿನ ಹಳೇದಲ್ಲೇನ್ರಿ?"

ಅವರು ಇಲ್ಲವೆನ್ನುತ್ತಾರೆ, ಆಣೆ ಹಾಕುತ್ತಾರೆ ಎಂದುಕೊಂಡಿದ್ದೆ. ಅವರು ನಿರಾಳವಾಗಿ ಕುರ್ಚಿಗೆ ಒರಗಿದರು.

"ಹೌದು. ಆಫೀಸ ಪೀಸು. ಒಳಗೆಲ್ಲಾ ನೋಡಿ, ಸ್ವಚ್ಛ ಮಾಡಿ ಕೊಟ್ಟೇನಿ. ಅದಕ್ಕೇನಾತೀಗ?"

"ಹೊಸಾದರ ರೊಕ್ಕ ತಗೊಂಡೀರಿ. ಹೊಸಾದಂತ ಹೇಳಿ ಕುಂಕುಮ ಹಚ್ಚಿಸಿದ್ರಿ."

"ನೋಡ ತಂಗಿ, ನನ್ನ ಮ್ಯಾಲ ಹೊರಸಬ್ಯಾಡ. ಮನಿಗೆ ಹೋಗಿ ನಿನ್ನ ಗಂಡನ್ನ ಕೇಳು. ಅಂವಗ ಹೇಳಿಽ ಕೊಟ್ಟೇನಿ. 'ಆಕಿಗೆ ಹೇಳಬ್ಯಾಡಣ್ಣಾ, ನಡೀತದ' ಅಂದಾಂವ ಅಂವ."

ನಾನು ಚೀಲವನ್ನು ಎತ್ತಿಕೊಂಡೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ, "ಚಹಾ ಕುಡದ ಹೋಗವಾ," ಎಂದು ಕೂಗಿದರು. ನಿಜವಾದ ಕಕ್ಕುಲಾತಿಯೇ ಇತ್ತು ಆ ದನಿಯಲ್ಲಿ.

ಲೋಕಲ್ ಹತ್ತಿದೆ. ಠಾಕುರ್ಲಿ ದಾಟಿತು, ಡೊಂಬಿವಲಿ ಬಂತು. ಇಳಿಯಲು ಮನಸ್ಸಾಗಲಿಲ್ಲ. ಠಾಣೆಯವರೆಗೆ ಹೋಗಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ಎಷ್ಟೋ ವರ್ಷ ಅಲ್ಲಿಂದಲೇ ತುರ್ಭೆಯ ಗಾಡಿ ಹಿಡಿದು ಕೆಲಸಕ್ಕೆ ಹೋಗಿದ್ದೆ. ಭಾವನವರು ವ್ಯಾಪಾರಿ. ಮೋಸ ಮಾಡಿದರು. ಅದನ್ನು ಹೇಗೋ ನುಂಗಬಹುದಿತ್ತು. ಆದರೆ ಕುಂಕುಮ ಹಚ್ಚುವಾಗ ಗಂಡನ ಮುಖ ಎಷ್ಟು ಶಾಂತವಾಗಿತ್ತು! ದೇವರ ಮುಂದೆ ಕೈಮುಗಿದು ನಿಂತಾಗ ನನ್ನ ಕಡೆ ತಿರುಗಿ ನಕ್ಕಿದ್ದರು ಕೂಡ. ನಾನು ಆ ನಗುವಿಗೆ ಪ್ರತಿಯಾಗಿ ನಕ್ಕಿದ್ದೆ.

ಗಂಡ ಮನೆಗೆ ಬಂದು ಬೂಟು ಬಿಚ್ಚುತ್ತಿದ್ದಂತೆಯೇ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ.

"ಅಣ್ಣನ ಧಂದೆ ಬಿದ್ದೈತಿ. ಎಲ್ಲಾರೂ ಆನ್‌ಲೈನ್ ತರಸ್ತಾರ. ಅಷ್ಟ ಮಾಲ ತಂದ ಸಿಕ್ಕೊಂಡ ಕುಂತಾನ. ನಾವ ಆಗಲಿಲ್ಲಂದ್ರ ಅಂವಗ ಯಾರಾಗ್ತಾರ?"

"ಆಗ್ರಿ, ಬ್ಯಾಡಂದೆನೇನು? ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಒಪ್ಪತಿದ್ದಿಲ್ಲ." ಸಮಾಧಾನ ಮಾಡುವವರ ದನಿಯಲ್ಲಿ ಹೇಳಿದರು, "ಈಗ ನೀ ಆಫೀಸಿಗೇನ ಹೋಗೂದಿಲ್ಲ. ಮನ್ಯಾಗ ಕುಂತು ಮೂರ ಹೋಟೆಲ್ಲಿನ ಲೆಕ್ಕ ಬರಿಯೂದು. ಅದಕ್ಕ್ಯಾಕ ಹೊಸಾದು?"

ಇಷ್ಟು ವರ್ಷ ನನ್ನ ಸಂಬಳದಿಂದ ಈ ಮನೆಯ ಅರ್ಧ ನಡೆದಿತ್ತು. ಅದನ್ನು ಅವರೂ ಮರೆತಿರಲಿಲ್ಲ. ಆಫೀಸಿನ ಬಾಗಿಲು ಮುಚ್ಚಿದ ಕೂಡಲೇ ನನ್ನ ಕೆಲಸ ಅವರ ಕಣ್ಣಿನಲ್ಲಿ ಹೊತ್ತು ಕಳೆಯುವ ಹವ್ಯಾಸವಾಗಿಬಿಟ್ಟಿತ್ತು, ಅಷ್ಟೇ. ಠಾಣೆಯ ಅಂಗಡಿಯವನು ರೆಸಿಪಿ ನೋಡಲು ಸಾಕೆಂದಾಗ ನಗು ಬಂದಿತ್ತು. ಈಗ ಬರಲಿಲ್ಲ.

ಮಗಳು ಒಳಗಿನಿಂದ ಬಂದಳು. ಅವಳಾದರೂ ನನ್ನ ಪರ ಮಾತಾಡುತ್ತಾಳೆಂದು ನೋಡಿದೆ. "ಮಮ್ಮಿ, ಛೋಡ್ ನಾ. ಚಲ್ ತೋ ರಹಾ ಹೈ," ಎಂದಳು. ಹೇಗೂ ನಡೆಯುತ್ತಿದೆಯಲ್ಲ, ಬಿಟ್ಟುಬಿಡು ಎಂಬ ಧಾಟಿ. ಕಿವಿಗೆ ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಅದು ಬಹಳ ದಿನ ನಡೆಯಲೂ ಇಲ್ಲ. ಸಾನಪಾಡಾದ ಹೋಟೆಲ್ಲಿನ ತೆರಿಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನ ಪರದೆ ಕಪ್ಪಾಯಿತು, ಮತ್ತೆ ಹೊತ್ತಲಿಲ್ಲ. ಮಗಳ ಲ್ಯಾಪ್‌ಟಾಪು ಅವಳೊಂದಿಗೆ ಕಾಲೇಜಿಗೆ ಹೋಗಿತ್ತು. ಸೈಬರ್ ಅಂಗಡಿಗೆ ಓಡಿ, ಬಿಲ್ಲುಗಳನ್ನೆಲ್ಲ ಮೊದಲಿನಿಂದ ಕೂಡಿಸುತ್ತ ಕೂತೆ. ಗಡುವು ಮೀರಿತು. ದಂಡ ಬಿತ್ತು. ದಂಡವನ್ನು ನಾನೇ ಕಟ್ಟುತ್ತೇನೆಂದು ಹೇಳಲು ಹೋಟೆಲ್ಲಿಗೆ ಹೋದೆ.

ಮಾಲೀಕರು ಗಲ್ಲಾದಿಂದ ಎದ್ದು ಬಂದು ನನ್ನೆದುರು ಕೂತರು. "ಅಮ್ಮ, ದಂಡದ ವಿಷಯ ಬಿಡಿ. ನಿಮ್ಮ ಮೇಲೆ ವಿಶ್ವಾಸ ಇಲ್ಲ ಅಂತಲ್ಲ. ಆದ್ರೆ ಇದು ಪುನಃ ಆಗ್ಬಾರ್ದಲ್ಲ? ವಾಶಿಯಲ್ಲಿ ಒಬ್ರು ಆಫೀಸ್ ಇಟ್ಟವ್ರು ಸಿಕ್ಕಿದ್ದಾರೆ. ಬೇಸರ ಮಾಡ್ಬೇಡಿ." ಮಗಳಿಗೆಂದು ಗೋಳಿಬಜೆ ಕಟ್ಟಿಸಿಕೊಟ್ಟರು. ರೈಲಿನಲ್ಲಿ ಆ ಪೊಟ್ಟಣ ತೊಡೆಯ ಮೇಲೆ ಬೆಚ್ಚಗಿತ್ತು. ಅವರು ಬೈದಿದ್ದರೆ ಚೆನ್ನಾಗಿತ್ತು.

ಮರುದಿನವೇ ಠಾಣೆಗೆ ಒಬ್ಬಳೇ ಹೋಗಿ, ಮೊದಲು ಆರಿಸಿದ್ದ ಯಂತ್ರವನ್ನೇ ಕೊಂಡೆ. ಸೀಲು ನನ್ನೆದುರಿಗೇ ಒಡೆಸಿದೆ, ಸಂಖ್ಯೆಗಳನ್ನು ತಾಳೆ ನೋಡಿದೆ. ಖುಷಿಯಾಗಲಿಲ್ಲ. ಉಳಿದ ಎರಡು ಹೋಟೆಲ್ಲುಗಳ ಕೆಲಸ ಅದರಲ್ಲೇ ನಡೆಯಿತು. ಗಂಡ ಹಳೆಯದನ್ನು ಭಾವನವರಿಂದ ರಿಪೇರಿ ಮಾಡಿಸಿ ತಂದು, ಅದರಲ್ಲಿ ಕ್ರಿಕೆಟ್ ನೋಡಲು ಶುರುಮಾಡಿದರು.

ಮುಂದೆ ಠಾಕುರ್ಲಿಯಲ್ಲಿ ನೆಂಟರೊಬ್ಬರ ಹೊಸ ಫ್ಲ್ಯಾಟಿನ ವಾಸ್ತುಶಾಂತಿಗೆ ಎಲ್ಲರೂ ಸೇರಿದ್ದೆವು. ಊಟದ ಪಂಕ್ತಿಯಲ್ಲಿ ಯಾರೋ ಲ್ಯಾಪ್‌ಟಾಪಿನ ಮಾತೆತ್ತಿದರು. ಗಂಡ, "ಅಣ್ಣನ ಅಂಗಡಿಗೆ ಹೋಗ್ರಿ. ನಮಗ ಕೊಟ್ಟಿದ್ದು ಗಟ್ಟಿ ಮಾಲು," ಎಂದರು. ಭಾವನವರು ನನ್ನತ್ತ ನೋಡಿ, "ನಮ್ಮ ತಂಗಿಗೆ ಮಾತ್ರ ಸೇರಲಿಲ್ಲ ನೋಡ್ರಿ. ಆಕಿ ಇನ್‌ಸ್ಪೆಕ್ಟರ್ರು!" ಎಂದರು. ಪಂಕ್ತಿ ಪೂರ್ತಿ ನಕ್ಕಿತು. ಗಂಡನೂ ನಕ್ಕರು.

ನಾನು ಎಲೆಯ ಮುಂದೆ ಕೂತೇ ಹೇಳಿದೆ. "ಹಳೇದನ್ನ ಹೊಸಾದಂತ ಮಾರಿದ್ರಿ ಭಾವಾ. ಇವರಿಗೆ ಗೊತ್ತಿತ್ತು. ನನಗ ಗೊತ್ತಿರಲಿಲ್ಲ. ಅದಕ್ಕ ಸೇರಲಿಲ್ಲ."

ಮನೆಯೊಡತಿ ಹೋಳಿಗೆಯ ತಟ್ಟೆ ಹಿಡಿದು ಬಂದು, "ತುಪ್ಪ ಹಾಕಲೇನ್ರಿ?" ಎಂದು ಎಲ್ಲರನ್ನೂ ಕೇಳತೊಡಗಿದರು. ನನ್ನ ಎಲೆಗೂ ಬಡಿಸಿದರು. ತಿಂದು ಮುಗಿಸಿಯೇ ಎದ್ದೆ.

ಅಂದು ಮನೆಯ ಬೀಗ ತೆಗೆಯುವಾಗ ಗಂಡ, "ನಾಕ ಮಂದಿಯೊಳಗ ಮಾನಾ ಕಳದಿ," ಎಂದರು. ಕಳೆದದ್ದು ಯಾರ ಮಾನ ಎಂದು ನಾನು ಕೇಳಲಿಲ್ಲ. ಈಗ ಕಲ್ಯಾಣದ ಮನೆಯ ಹಬ್ಬಗಳಿಗೆ ಅವರು ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಹೋಗುವ ಮುಂಚೆ, "ಬರ್ತೀ ಏನು?" ಎಂದು ಬಾಗಿಲಲ್ಲಿ ನಿಂತು ಕೇಳುತ್ತಾರೆ, ಚಪ್ಪಲಿ ಮೆಟ್ಟಿಕೊಂಡ ಮೇಲೆ. "ಕೆಲಸ ಐತಿ," ಎನ್ನುತ್ತೇನೆ. ಕೆಲಸ ಇರುತ್ತದೆ ಕೂಡ.