ಬುಟ್ಟಿಗೆ ಮರಳಿದ ಅರ್ಧ ರೊಟ್ಟಿ

ನಿನ್ನೆ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ತೊಗರಿಬೇಳೆ ಕುದಿಯುವ ವಾಸನೆ ತುಂಬಿತ್ತು. ಏಳು ತಿಂಗಳ ಬಸುರಿಯಾದ ನನ್ನ ತಮ್ಮನ ಹೆಂಡತಿ ಊಟಕ್ಕೆ ಕೂತಿದ್ದಳು. ಅವಳು ಎರಡನೇ ರೊಟ್ಟಿ ಮುರಿಯುವಷ್ಟರಲ್ಲಿ ಅವ್ವ ಅದರ ಅರ್ಧ ತೆಗೆದು ಬುಟ್ಟಿಗೆ ಹಾಕಿದಳು.

"ಕೂಸು ದೊಡ್ಡದಾದ್ರ ಹಡಿಯಾಕ ತ್ರಾಸ ಆಗ್ತದ. ಇಷ್ಟ ಸಾಕು."

ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ನನ್ನ ಕಿವಿಯಲ್ಲಿ ಟಂಟಂ ಇಂಜಿನ್ನಿನ ಸದ್ದು…

ಆಳಂದದಲ್ಲಿ ನಮ್ಮ ಪಕ್ಕದ ಮನೆಯವನೊಬ್ಬ ಟಂಟಂ ಆಟೋ ಓಡಿಸುತ್ತಿದ್ದ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ನಾನು ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದ ಎರಡು ವರ್ಷ ದಿನವೂ ಅವನ ಗಾಡಿಯಲ್ಲೇ, ಅವನ ಪಕ್ಕದ ಸೀಟಿನಲ್ಲೇ ಹೋಗಿ ಬಂದೆ. ಆತ ಎಷ್ಟು ತೆಳ್ಳಗಿದ್ದನೆಂದರೆ ಬೆಲ್ಟಿನ ತೂತುಗಳು ಸಾಲದೆ ಮೊಳೆ ಹೊಡೆದು ಇನ್ನೆರಡು ತೂತು ಮಾಡಿಕೊಂಡಿದ್ದ. ಬೆಳಿಗ್ಗೆ ಹತ್ತುವಾಗ ಹೆಂಗಿದ್ದೀ ಎಂದು ಕೇಳಿದರೆ ಯಾವಾಗಲೂ ಒಂದೇ ಉತ್ತರ: "ಆರಾಮ ಇದ್ದೇನಿ, ತಂಗಿ." ಒಮ್ಮೆ ಊರಲ್ಲಿ ರಕ್ತ ಪರೀಕ್ಷೆಯ ಶಿಬಿರ ನಡೆದಾಗ ನೀನೂ ತೋರಿಸು ಎಂದೆ. ನಕ್ಕುಬಿಟ್ಟ.

"ಶುಗರ್ ಬರೋದು ಹೊಟ್ಟಿ ಬಂದ ಸಾಹುಕಾರ್ರಿಗೆ. ನನ್ನ ಮೈಯಾಗ ಅದಕ್ಕ ಕೂಡಾಕ ಜಾಗಾ ಎಲ್ಲದ?"

ನಾನೂ ನಕ್ಕೆ. ಅಷ್ಟು ಓದಿದವಳು, ನಾನೂ ನಕ್ಕೆ.

ಆ ದಿನ ಚಳಿಗಾಲದ ಬೆಳಗು. ಏನೋ ಮಾತಾಡುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. ನೋಡಿದರೆ ಕುತ್ತಿಗೆಯೆಲ್ಲ ಬೆವರು. ಎಡಗೈ ಹ್ಯಾಂಡಲಿನಿಂದ ಜಾರಿ ತೊಡೆಯ ಮೇಲೆ ಬಿತ್ತು. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್. "ಹಿಡೀ ತಂಗಿ," ಅಂದ. ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು ಎಡಕ್ಕೆ ಎಳೆದೆ. ಅವನ ಕಾಲು ಬ್ರೇಕಿನ ಮೇಲಿತ್ತು. ಕಬ್ಬಿನ ಗರಿ ನನ್ನ ಕೆನ್ನೆ ಗೀರಿಕೊಂಡು ಹೋಯಿತು. ಗಾಡಿ ತೊಗರಿ ಹೊಲದ ಬದುವಿಗೆ ಬಡಿದು ನಿಂತಿತು. ಹಿಂದೆ ಕೂತಿದ್ದ ಆರು ಜನರಿಗೂ ಏನೂ ಆಗಲಿಲ್ಲ. ಅವನ ಕಾಲನ್ನು ಬ್ರೇಕಿನಿಂದ ಬಿಡಿಸಲು ಇಬ್ಬರು ಬೇಕಾದರು… ಈಗಲೂ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೆ ನಾನು ಕೂರುವುದಿಲ್ಲ.

ಆಸ್ಪತ್ರೆ ಮುಟ್ಟುವ ಮೊದಲೇ ಅವನ ಹೃದಯ ನಿಂತಿತ್ತು. ದಾರಿಯಲ್ಲಿ ಆಂಬ್ಯುಲೆನ್ಸಿನವರು ರಕ್ತ ನೋಡಿದಾಗ ಸಕ್ಕರೆ ಅವರ ಯಂತ್ರ ತೋರಿಸಲಾರದಷ್ಟು ಹೆಚ್ಚಿತ್ತಂತೆ. ಅವನಿಗೆ ಮೂವತ್ನಾಲ್ಕು ವರ್ಷ. ನಮ್ಮ ಓಣಿಯವರು ಕುಡಿಯುತ್ತಿದ್ದಿರಬೇಕು ಎಂದರು. ಅವನು ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ.

ತಿಂಗಳು ಕಳೆದ ಮೇಲೆ ಅವನ ತಾಯಿಯನ್ನು, ನಾವೆಲ್ಲ ಆಯಿ ಎನ್ನುತ್ತಿದ್ದವಳನ್ನು, ಬಿ.ಪಿ. ತೋರಿಸಲು ನಾನೇ ಕರೆದುಕೊಂಡು ಹೋದೆ. ಮಗನ ಸಂಗತಿ ಕೇಳಿದ ಡಾಕ್ಟರು, ಹುಟ್ಟಿದಾಗ ಎಷ್ಟು ತೂಕವಿದ್ದ ಎಂದು ವಿಚಾರಿಸಿದರು. ಬೆಕ್ಕಿನ ಮರಿಯಷ್ಟಿದ್ದ, ಅದಕ್ಕೇ ಹೆರಿಗೆ ಸುಲಭ ಆಯಿತು ಎಂದಳು ಆಯಿ. ಹೊಟ್ಟೆಯೊಳಗೇ ಹಸಿದ ಕೂಸಿನ ಮೈ ಇದ್ದುದರಲ್ಲೇ ಬದುಕುವುದನ್ನು ಕಲಿತುಬಿಡುತ್ತದೆ, ಮುಂದೆ ಉಣ್ಣಲು ಸಿಕ್ಕಾಗ ಆ ಮೈಗೆ ಅದನ್ನು ಸಂಭಾಳಿಸಲು ಆಗುವುದಿಲ್ಲ, ತೆಳ್ಳಗಿದ್ದವರಿಗೂ ಶುಗರ್, ಬಿ.ಪಿ., ಹೃದಯದ ತೊಂದರೆ ಬೇಗ ಬರಬಹುದು ಎಂದು ಡಾಕ್ಟರು ತಿಳಿಸಿ ಹೇಳಿದರು. ಇದೊಂದೇ ಕಾರಣ ಎನ್ನಲಾಗದು ಎಂದೂ ಹೇಳಿದರು. ಬಸುರಿಯರು ಹೊಟ್ಟೆತುಂಬ ಉಣ್ಣಬೇಕು ಎಂದಾಗ ಆಯಿ ತಲೆ ಎತ್ತಿದಳು.

"ನಾ ಒಲ್ಲೆ ಅಂದಿದ್ದೆನೇನ್ರಿ ಮೇಡಂ? ಅರ್ಧ ಕೊಟ್ರು, ಅರ್ಧ ತಿಂದೆ."

ಅವಳ ದನಿ ಏರಿರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಏಳು ತಿಂಗಳ ಬಸುರಿಯಾಗಿ ದಿನವಿಡೀ ತೊಗರಿ ಬಡಿದವಳು ಆಯಿ. ಗಂಡಸರೆಲ್ಲ ಉಂಡೆದ್ದ ಮೇಲೆ ಅವಳ ತಾಟಿಗೆ ಅರ್ಧ ರೊಟ್ಟಿ, ತಿಳಿಸಾರು. ಬೇಳೆ ತಿಂದರೆ ವಾಯು ಆಗುತ್ತದಂತೆ. ದೇಶಕ್ಕೆಲ್ಲ ಬೇಳೆ ಕಳಿಸುವ ಸೀಮೆ ನಮ್ಮದು! ಅದನ್ನು ಬಿತ್ತಿ, ಕಳೆ ತೆಗೆದು, ಬಡಿದವಳಿಗೆ ಮಾತ್ರ ವಾಯು.

ನಿನ್ನೆ ಬುಟ್ಟಿಯಿಂದ ಆ ಅರ್ಧ ರೊಟ್ಟಿಯನ್ನು ನಾನು ತಿರುಗಿ ತಾಟಿಗೆ ಹಾಕಿದೆ. ಮೇಲೆ ಎರಡು ಸೌಟು ಗಟ್ಟಿ ಬೇಳೆ. ಹುಡುಗಿ ಮೊದಲು ಅವ್ವನ ಮುಖ ನೋಡಿದಳು. ಆ ನೋಟಕ್ಕೇ ನನ್ನ ಸಿಟ್ಟು ನೆತ್ತಿಗೇರಿತು, ಅವ್ವನಿಗೆ ಅನ್ನಬಾರದ್ದನ್ನೆಲ್ಲ ಅಂದೆ. ಪಕ್ಕದ ಮನೆಯ ಹೆಣ ಮರೆತೆಯಾ ಎಂದೂ ಅಂದೆ. ಅವ್ವ ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು.

"ನೀ ಹೊಟ್ಟ್ಯಾಗಿದ್ದಾಗ ನನಗೂ ಇಷ್ಟ ಕೊಟ್ಟಾರ. ನೀ ಆರಾಮ ಇದ್ದೀ ಅಲ್ಲ?"

ಹುಡುಗಿ ತಲೆ ತಗ್ಗಿಸಿ ರೊಟ್ಟಿ ಮುರಿದಳು. ತಾಟು ಖಾಲಿಯಾಗುವವರೆಗೂ ನಾನು ಅಲ್ಲೇ ಕೂತೆ. ಅವ್ವ ಅವಳಿಗೆ ಇನ್ನೊಂದು ಸೌಟು ಬೇಳೆ ಬಡಿಸಿದಳು, ನನ್ನ ಕಡೆ ನೋಡಲಿಲ್ಲ.

ಇಷ್ಟು ವರ್ಷವಾದರೂ ನಾನು ನನ್ನ ರಕ್ತ ತೋರಿಸಿರಲಿಲ್ಲ. ಧೈರ್ಯವಾಗಿರಲಿಲ್ಲ. ಇವತ್ತು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅವ್ವನನ್ನೂ ಕರೆದುಕೊಂಡು ರಕ್ತ ಪರೀಕ್ಷೆಗೆ ಹೊರಟೆ. ಪಕ್ಕದಲ್ಲಿ ಆಯಿ ತನ್ನ ಅಂಗಳ ಸಾರಿಸುತ್ತಿದ್ದಳು. ಟಂಟಂ ನಿಲ್ಲುತ್ತಿದ್ದ ಜಾಗದಲ್ಲಿ ಇಂಜಿನ್ ಎಣ್ಣೆಯ ಕಪ್ಪು ಕಲೆ ಇನ್ನೂ ಇದೆ. ಅದೊಂದನ್ನು ಬಿಟ್ಟು, ಅದರ ಸುತ್ತಲೂ ಸಾರಿಸುತ್ತಿದ್ದಳು…