ಗದ್ದೆಯಿದ್ದ ಜಾಗಕ್ಕೆ ನೀರು

ವಯಸ್ಸಾದಂತೆ ಮನುಷ್ಯನ ಬುದ್ಧಿ ಮಾಗುತ್ತದೆ ಎಂದು ಲೋಕ ನಂಬಿದೆ. ಹಾಗೆಂದು ಹೇಳಿಕೊಂಡು ಬಂದವರೆಲ್ಲ ವಯಸ್ಸಾದವರೇ ಆದ್ದರಿಂದ ಸಾಕ್ಷ್ಯ ಅಷ್ಟೇನೂ ಗಟ್ಟಿಯಲ್ಲ.

ಅರಕೆರೆಯ ನಮ್ಮ ನೀರುಗಂಟಿಯವರ ಕಾಲಿಗೆ ಮೊಣಕಾಲಿನವರೆಗೆ ಕೆಸರು ಒಣಗಿ, ವರ್ಷವಿಡೀ ಬೂದು ಕಾಲುಚೀಲ ತೊಟ್ಟಂತೆ ಕಾಣುತ್ತಿತ್ತು. ನಾಲೆಯಲ್ಲಿ ನೀರು ಬಂದಾಗ ತೂಬು ಎತ್ತಿ, ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ಎಂದು ಹಂಚುವುದು ಅವರ ಕೆಲಸ. ನೂರಾರು ಗದ್ದೆಗಳ ಸರದಿ ತಲೆಯಲ್ಲೇ ಇತ್ತು. ಒಂದು ಚೀಟಿಯನ್ನೂ ಇಟ್ಟವರಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬೀಳುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ನಾನು ಅವರ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಎಪ್ಪತ್ತರ ಹತ್ತಿರ ಉತ್ತರಗಳು ತಡವಾಗತೊಡಗಿದವು. ಸರಿಯಾಗಿಯೇ ಇರುತ್ತಿದ್ದವು, ಆದರೆ ಗುದ್ದಲಿಯ ಕಾವನ್ನು ಉಗುರಿನಿಂದ ಕೆರೆಯುತ್ತ ನಿಂತು, ಆಮೇಲೆ ಹೇಳುತ್ತಿದ್ದರು. ಟೀ ಅಂಗಡಿಯಲ್ಲಿ ಅವರ ಓರಗೆಯವನೊಬ್ಬ, "ಏನ್ಲಾ, ಸರ್ವರ್ ಡೌನಾ?" ಅಂದ. ಎಲ್ಲರೂ ನಕ್ಕರು, ಅವರೂ ನಕ್ಕರು. ದಾರಿಯಲ್ಲಿ ನನ್ನೊಬ್ಬನಿಗೆ ಹೇಳಿದರು: "ಗ್ಯಾಪಕ ಬತ್ತದೆ ಮೇಷ್ಟ್ರೆ. ಮುಂಚೆ ಓಡ್ಕಂಡ್ ಬತ್ತಿತ್ತು, ಈಗ ನಡ್ಕಂಡ್ ಬತ್ತದೆ." ನಾನು ಗಂಭೀರವಾಗಿ ತಲೆದೂಗಿದೆ. ಅದೇ ವಾರ ಬ್ಯಾಂಕಿನಲ್ಲಿ ನನ್ನದೇ ಫೋನ್ ನಂಬರು ಕೇಳಿದಾಗ ಮೊದಲ ನಾಲ್ಕಂಕಿ ಮಾತ್ರ ಬಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಕಾಲುವೆಯ ಕಡೆ ಕೂಗು ಕೇಳಿ ಓಡಿದೆ. ಅವರು ಬದು ಕಡಿದು ನೀರು ತಿರುಗಿಸಿದ್ದರು. ನೀರು ಹೊಸಿಲು ದಾಟಿ ಒಂದು ಮನೆಯೊಳಗೆ ನುಗ್ಗಿತ್ತು. ಚಾಪೆಯ ಮೇಲೆ ಮಲಗಿಸಿದ್ದ ಕೂಸನ್ನು ಎತ್ತಿಕೊಂಡು ತಾಯಿ ಬಾಗಿಲಲ್ಲಿ ನಿಂತಿದ್ದಳು. ಕೂಸಿನ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗುದ್ದಲಿ ಕಿತ್ತುಕೊಂಡು ನಾನೇ ಬದು ಮುಚ್ಚಿದೆ.

"ಇಲ್ಲಿ ಗದ್ದೆ ಇತ್ತಲ್ವ ಮೇಷ್ಟ್ರೆ?"

ಇತ್ತು, ಆರು ವರ್ಷದ ಹಿಂದೆ. ಈ ಮನೆಯ ಗೃಹಪ್ರವೇಶದಲ್ಲಿ ನನ್ನ ಎಲೆಗೆ ಪಾಯಸ ಬಡಿಸಿದವರೇ ಅವರು. ನೆನಪಿಸಿದೆ. ಅವರು ನನ್ನ ಮುಖವನ್ನೇ ನೋಡಿದರು. ಆ ಕಣ್ಣಿನ ದಿಗಿಲನ್ನು ನಾನು ಕನ್ನಡಿಯಲ್ಲಿ ಕಂಡು ಬಲ್ಲೆ.

ಸಂಜೆ ನಮ್ಮ ಜಗಲಿಗೆ ಬಂದು ಕೂತರು. "ನಾ ಇನ್ ತೂಬು ಎತ್ತಾಕಿಲ್ಲ. ಇರೋದು ಓಗಕ್ ಮುಂಚೆ ಬರ್ಕಂಬುಡಿ."

ಹನ್ನೊಂದು ದಿನ ಅವರು ಹೇಳಿದರು, ನಾನು ಬರೆದೆ. ಒಂದೊಂದು ಗದ್ದೆಗೂ ಕಾಯಬೇಕಿತ್ತು. ಅವಸರಪಡಿಸಲಿಲ್ಲ, ನಾಳೆ ನನ್ನನ್ನೂ ಯಾರೂ ಅವಸರಪಡಿಸದಿರಲಿ ಎಂಬ ಶುದ್ಧ ಸ್ವಾರ್ಥ. ಮೌನ ಉದ್ದವಾದಾಗ ಬಸ್ಸಿಗೆ ಕಾದವರಂತೆ ಇಬ್ಬರೂ ರಸ್ತೆ ನೋಡುತ್ತಿದ್ದೆವು. ಬಾರದಿದ್ದರೆ ಏನು ಗತಿ ಎಂದು ಒಬ್ಬರೂ ಕೇಳಲಿಲ್ಲ.

ಅವರು ಹೋದ ವರ್ಷ ತೀರಿಕೊಂಡರು. ಊರಿಗೆ ಈಗ ಆ ಪುಸ್ತಕದ ಪ್ರಕಾರವೇ ನೀರು. ಆ ಹನ್ನೊಂದು ದಿನದಲ್ಲಿ ಅವರಿಗೆ ನೆನಪಿಗೆ ಬಾರದೆ ಉಳಿದದ್ದು ಒಂದೇ ಗದ್ದೆ, ಅವರದು. ಅದನ್ನು ನಾನು ಆಗಲೇ ಅವರಿಗೆ ತಿಳಿಸದೆ ಕೊನೆಯ ಪುಟದಲ್ಲಿ ಸೇರಿಸಿದ್ದೆ.